ಹಿಂದಿನ ಕ್ಲಾಸು

“ಎಡಗಡೆ ಸ್ವಾಮಿ, ಎಡಗಡೆ! ಆ ಬಾಗಿಲು ನೋಡ್ತಾ ನನ್ನ ಅರ್ಧ ಆಯಸ್ಸು ಕಳೆದಿದೆ. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?”

ಒಂದು ಕಾಲದಲ್ಲಿ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಗೇಟಿನವರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. ಧೂಳು ಎದ್ದು ನಮ್ಮ ಮೂವರ ಪ್ಯಾಂಟಿನ ಮೇಲೆ ಕೂತಿತು.

ನಾನು ಸುಣ್ಣದ ಪುಡಿಯ ಡಬ್ಬ ಹಿಡಿದು ನಿಂತಲ್ಲೇ ನಿಂತೆ. ಎಡಗಡೆ ಒಂದು ಗೂಟ ಹೊಡೆದಾಗಿತ್ತು. ಬಲಗಡೆ ಇನ್ನೊಂದು. ಎರಡೂ ಒಂದೇ ಬಾಗಿಲಿನವು.

ನಾವು ನಿಂತಿದ್ದು ದೊಡ್ಡ ಟಾಕೀಸಿನ ಒಳಗೆ. ಹಾಗಂತ ನಂಬಬೇಕು. ಸುತ್ತ ತಗಡಿನ ಬೇಲಿ, ಮೂಲೆಯಲ್ಲಿ ನಿದ್ದೆ ಹೋದ ಬುಲ್ಡೋಜರ್, ಉಳಿದದ್ದೆಲ್ಲ ಬಯಲು. ಇಲ್ಲಿ ಅಮೃತಶಿಲೆಯ ಮೆಟ್ಟಿಲಿತ್ತಂತೆ. ಕಂಬಕ್ಕೊಂದು ಆಳೆತ್ತರದ ಕನ್ನಡಿಯಿತ್ತಂತೆ. ಚಾವಣಿಗೆ ನೀಲಿ ಬಳಿದು ನಕ್ಷತ್ರ ಬರೆದಿದ್ದರಂತೆ. ಪಿಕ್ಚರ್ ಕೆಟ್ಟದಾಗಿದ್ದರೂ ಜನ ಆ ಮೆಟ್ಟಿಲು ಹತ್ತಲೆಂದೇ ಟಿಕೆಟ್ ತೆಗೆದುಕೊಳ್ಳುತ್ತಿದ್ದರಂತೆ. ಇಡೀ ಕಟ್ಟಡವೇ ಈಗ ಅಂತೆ ಕಂತೆಗಳ ಮೇಲೆ ನಿಂತಿದೆ.

“ಮೆಟ್ಟಿಲು ಅಮೃತಶಿಲೆ ಅಲ್ಲ, ಸಿಮೆಂಟು. ಮೇಲೆ ಬಣ್ಣ,” ಎಂದರು ಸೋಡಾ ಮಾವ. ಟಾಕೀಸಿನ ಅಂಗಳದಲ್ಲಿ ಸೋಡಾ ಅಂಗಡಿ ಇಟ್ಟಿದ್ದವರು.

“ನಿನ್ನ ಸೋಡಾದಲ್ಲಿ ಗ್ಯಾಸ್ ಇತ್ತಾ? ಅದೂ ಬರೀ ಶಬ್ದ,” ಎಂದರು ಗೇಟಿನವರು.

ಬುಲ್ಡೋಜರಿನ ಬಕೆಟ್ಟಿನಲ್ಲಿ ಮಣ್ಣಿನ ಜೊತೆ ಎಲುಬುಗಳೂ ಒಂದು ಕರಿಗಾಜೂ ಬಂದು ವಾರವಾಗಿತ್ತು. ಪ್ರೊಜೆಕ್ಟರಿನೊಳಗಿನ ಉರಿಯನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣು ಹೋಗುತ್ತದೆಂದು ಆಪರೇಟರ್ ಆ ಗಾಜನ್ನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಟಾಕೀಸಿಗೆ ಬೆಂಕಿ ಇಟ್ಟು ಊರು ಬಿಟ್ಟು ಓಡಿಹೋದರೆಂದು ಇಪ್ಪತ್ತೈದು ವರ್ಷದಿಂದ ಎಲ್ಲರೂ ಬೈಯುತ್ತ ಬಂದದ್ದು ಅವರನ್ನೇ. ಸುಟ್ಟ ಗೋಡೆಗಳ ಸುತ್ತ ಮಾಲೀಕರ ಅಣ್ಣತಮ್ಮಂದಿರು ಕೋರ್ಟಿನಲ್ಲಿ ಕಿತ್ತಾಡುತ್ತಿದ್ದುದರಿಂದ ಇಷ್ಟು ವರ್ಷ ಯಾರೂ ಅಲ್ಲಿ ಅಗೆದಿರಲಿಲ್ಲ. ಆಪರೇಟರ್ ಓಡಿಹೋಗಿರಲಿಲ್ಲ. ಪರದೆಯ ಕೆಳಗಿನ ನೆಲಮಾಳಿಗೆಯಲ್ಲಿ ಬಿದ್ದಿದ್ದರು.

ಇದರಿಂದ ಅವರ ಹೆಸರು ತೊಳೆದುಹೋಯಿತೆಂದು ನೀವು ಭಾವಿಸಬಹುದು. ಇನ್ಸ್‌ಪೆಕ್ಟರ್ ಭಾವಿಸಲಿಲ್ಲ.

“ಪಿಕ್ಚರ್ ಕೊನೆಯವರೆಗೂ ಓಡಿತು. ಅಂದರೆ ಆಪರೇಟರ್ ಕೊನೆಯವರೆಗೂ ಮೇಲೆ ಕ್ಯಾಬಿನ್‌ನಲ್ಲಿ ಜೀವಂತ ಇದ್ದ,” ಎಂದಿದ್ದರು ಅವರು. “ಜನ ಹೊರಗೆ ಹೋಗ್ತಿರುವಾಗ ಪರದೆ ಹಿಂದೆ ಬೆಂಕಿ. ಎಲುಬು ಸಿಕ್ಕಿದ್ದೂ ಅಲ್ಲೇ. ಇಳಿದು ಬಂದು ಹಚ್ಚಿದ, ತಾನೇ ಸಿಕ್ಕಿಹಾಕಿಕೊಂಡ. ಸೋಮವಾರ ಹಾಗೇ ಬರೆದು ಮುಚ್ಚುತ್ತೇನೆ.”

ಇವತ್ತು ಶನಿವಾರ. ಓಡಿಹೋದವನ ಹೆಂಡತಿ ಎನ್ನಿಸಿಕೊಂಡು ಮುದುಕಿಯಾದ ಹೆಂಗಸು ಸೋಮವಾರದಿಂದ ಬೆಂಕಿ ಇಟ್ಟವನ ಹೆಂಡತಿ ಆಗುತ್ತಾಳೆ. ಅದನ್ನು ತಪ್ಪಿಸಿ ಎಂದು ಪತ್ತೇದಾರನಾದ ನನ್ನ ಬಳಿ ಬಂದವಳು ಆಕೆಯ ಮಗಳು.

ಅದಕ್ಕಾಗಿಯೇ ಈ ಬಾಗಿಲು. ಪರದೆಯ ಪಕ್ಕದಲ್ಲಿ ನೆಲಮಾಳಿಗೆಗೆ ಇಳಿಯುವ ಸಣ್ಣ ಬಾಗಿಲೊಂದಿತ್ತು. ಎಡಗಡೆ ಇದ್ದರೆ ಅದು ಮ್ಯಾನೇಜರ್ ರೂಮಿನ ಪಕ್ಕ. ಬಲಗಡೆ ಇದ್ದರೆ ಹಿಂದಿನ ಗಲ್ಲಿಯ ಪಕ್ಕ, ಯಾರು ಬೇಕಾದರೂ ಒಳಗೆ ಬರಬಹುದಾದ ಜಾಗ. ಗೇಟಿನವರು ಎಡ ಅನ್ನುತ್ತಾರೆ. ಆಪರೇಟರ್ ಮಗಳು ಫೋನಿನಲ್ಲಿ ಬಲ ಅಂದಿದ್ದಳು. ಎತ್ತು ಏರಿಗೆ, ಕೋಣ ನೀರಿಗೆ. ನಾನು ನಡುವೆ ಸುಣ್ಣದ ಡಬ್ಬ ಹಿಡಿದು ನಿಂತವನು.

ಸಾಕ್ಷಿಗಳನ್ನು ಅಳೆಯಲು ನನ್ನ ಹತ್ತಿರ ಒಂದೇ ಒಂದು ಅಳತೆಗೋಲಿತ್ತು. ಆ ದಿನದ ಪಿಕ್ಚರ್ ಹೊಸದು, ಅದೇ ಮೊದಲ ಆಟ. ರೀಲುಗಳು ಬೆಂಕಿಗೆ ಹೋದವು. ಬೇರೆ ಕಡೆಯೂ ವಾರ ಓಡದೆ ಅದು ಡಬ್ಬ ಸೇರಿತು, ಈ ಊರಿಗೆ ಮತ್ತೆ ಬರಲಿಲ್ಲ. ಹಾಗಾಗಿ ಆ ಮಧ್ಯಾಹ್ನ ಅಲ್ಲಿದ್ದವರಿಗೆ ಮಾತ್ರ ಅದರ ಕೊನೆ ಗೊತ್ತು.

“ಕೊನೇ ದೃಶ್ಯ ಹೇಳಿ,” ಎಂದೆ.

“ಹೀರೋಗೆ ಎಡಗೈಗೆ ಏಟು. ಬಿಳಿ ಪಟ್ಟಿಯಲ್ಲಿ ಕುತ್ತಿಗೆಗೆ ಕಟ್ಟಿ ನೇತು ಹಾಕ್ಕೊಂಡಿರ್ತಾನೆ. ಬಲಗೈಲಿ ಢಂ!” ಗೇಟಿನವರು ಊರುಗೋಲಿನಿಂದ ಗುಂಡು ಹಾರಿಸಿದರು.

“ಹೀರೋಯಿನ್ ಬಾವಿಗೆ ಬೀಳ್ತಾಳಲ್ಲ?” ಎಂದರು ಸೋಡಾ ಮಾವ.

“ಅದು ಬೇರೆ ಪಿಕ್ಚರು ಕಣೋ.”

“ಹೌದಾ? ಬಿದ್ದಿದ್ದು ಮಾತ್ರ ನಿಜ. ನನಗೆ ನೆನಪಿರೋದು ಸೀಟಿ. ಇಂಟರ್ವಲ್ ಆದಮೇಲೆ ರೀಲು ಬದಲಾದಾಗಲೆಲ್ಲ ಪರದೆ ಬೆಳ್ಳಗಾಗೋದು, ಜನ ಸೀಟಿ ಹೊಡೆಯೋರು. ನನ್ನ ಬಾಟ್ಲಿಗಳೇ ಅದುರಿದವು.”

“ಅದು ನಿಜ ಸ್ವಾಮಿ. ಆಪರೇಟರ್ ಕೈಲಿ ಹಾಗಾಗಿದ್ದು ಅದೇ ಮೊದಲು,” ಎಂದು ಗೇಟಿನವರು ದನಿ ತಗ್ಗಿಸಿದರು. “ಬೆಂಕಿ ಹಚ್ಚೋ ಯೋಚನೆ ಇಟ್ಕೊಂಡವನ ಕೈ ನಡುಗಲ್ವಾ?”

ಎರಡು ಗೂಟಗಳನ್ನೂ ಕೀಳದೆ ನಾನು ಹೊರಟೆ.

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಆಪರೇಟರ್ ಮಗಳು ದಪ್ಪ ಏಪ್ರನ್ ತೊಟ್ಟು ಒಬ್ಬ ರೋಗಿಯನ್ನು ಗದರುತ್ತಿದ್ದಳು.

“ಅಜ್ಜಾ, ಉಸಿರು ಹಿಡೀರಿ ಅಂದ್ರೆ ಮಾತೂ ಹಿಡೀಬೇಕು.”

ಆ ದಿನ ಹದಿನೆಂಟರ ಹುಡುಗಿ. ಈಗ ಕಿವಿಯ ಪಕ್ಕ ನರೆತಿದೆ. ಅಜ್ಜ ಹೋದ ಮೇಲೆ ನನ್ನ ಕಡೆ ತಿರುಗಿ, “ಏನು ಸರ್, ಮುಖ ಹೀಗಾಗಿದೆ?” ಎಂದಳು.

“ಎಲ್ಲರಿಗೂ ಕೇಳಿದ ಪ್ರಶ್ನೆ ನಿಮಗೆ ಕೇಳಲೇ ಇಲ್ಲ. ಕೊನೇ ದೃಶ್ಯದಲ್ಲಿ ಏನಾಗುತ್ತೆ?”

“ನನಗೂ ಪರೀಕ್ಷೆನಾ?” ಎಂದು ನಕ್ಕಳು. “ಹೀರೋ ಎಡಗೈಗೆ ಪಟ್ಟಿ ಕಟ್ಟಿಕೊಂಡು ಬರ್ತಾನೆ. ಬಲಗೈಲಿ ಪಿಸ್ತೂಲು. ವಿಲನ್ ಬೀಳೋಕೆ ಒಂದು ಯುಗ ತಗೋತಾನೆ.”

ಸರಿಯಾಗಿತ್ತು. ನಾನು ಮುಂದಕ್ಕೆ ಹೋದೆ.

“ಆ ಬಾಗಿಲು ಬಲಗಡೆ ಅಂದಿರಿ. ಗೇಟಿನವರು ಎಡಗಡೆ ಅಂತಾರೆ. ಜಗಳಕ್ಕೇ ಬಂದರು.”

“ಬಲಗಡೆನೇ. ಮ್ಯಾನೇಜರ್ ರೂಮಿನ ಪಕ್ಕ.”

“ಮ್ಯಾನೇಜರ್ ರೂಮು ಇದ್ದದ್ದು ಎಡಗಡೆ!”

ಅವಳು ನನ್ನನ್ನೇ ನೋಡಿದಳು. ಆಮೇಲೆ ಬೆಳಕಿನ ಪೆಟ್ಟಿಗೆಯ ಮೇಲಿದ್ದ ಒಂದು ಫಿಲಂ ತೋರಿಸಿದಳು. ಯಾರದೋ ಅಂಗೈ.

“ಇದು ಯಾವ ಕೈ?”

“ಎಡಗೈ.”

ಫಿಲಂ ಕಿತ್ತು ತಿರುಗಿಸಿ ಸಿಕ್ಕಿಸಿದಳು. “ಈಗ?”

“ಬಲಗೈ.”

“ಕೈ ಅದೇ. ತಿರುಗಿಸಿದ್ದು ನಾನು. ಅದಕ್ಕೇ ತೆಗೆಯುವಾಗಲೇ ಮೂಲೆಯಲ್ಲಿ ಸೀಸದ ಗುರುತು ಇಡ್ತೀವಿ. ಇಲ್ಲದಿದ್ರೆ ಚೆನ್ನಾಗಿರೋ ಕೈಗೆ ಪ್ಲಾಸ್ಟರ್ ಬಿದ್ದು, ಮುರಿದ ಕೈಲಿ ರೋಗಿ ಡಾಕ್ಟರಿಗೆ ಹೊಡೀತಾನೆ.” ಅವಳಿಗೆ ನಗು ತಡೆಯಲಾಗಲಿಲ್ಲ. “ನಾನು ಬೆಳೆದದ್ದು ಹಿಂದಿನ ಕ್ಲಾಸಿನಲ್ಲಿ ಸರ್. ಅದಕ್ಕೇ ಈ ಎಡವಟ್ಟು.”

“ಹಿಂದಿನ ಕ್ಲಾಸು ಅಂದರೆ?”

“ಬಾಲ್ಕನಿ, ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು ಅಂತ ಇತ್ತಲ್ಲ, ನೌಕರರ ಮನೆಯವರಿಗೆ ಅದ್ಯಾವುದೂ ಇಲ್ಲ. ಪರದೆ ಹಿಂದೆ ಚಾಪೆ ಹಾಸ್ಕೊಂಡು ಕೂರೋದು. ಬಟ್ಟೆ ಪರದೆ, ಚಿತ್ರ ಆ ಕಡೆಗೂ ಮೂಡ್ತಿತ್ತು. ಸ್ವಲ್ಪ ಮಂಕು. ಮತ್ತೆ ಎಲ್ಲ ತಿರುವು ಮುರುವು. ನಮ್ಮ ಹೀರೋಗಳೆಲ್ಲ ಎಡಚರು. ಊಟವೂ ಎಡಗೈಲಿ, ಹೊಡೆದಾಟವೂ ಎಡಗೈಲಿ. ನಾನು ಮೊದಲು ಓದೋಕೆ ಕಲಿತದ್ದೂ ಉಲ್ಟಾ ಅಕ್ಷರ. ಸ್ಕೂಲಲ್ಲಿ ಟೀಚರು ಇದಕ್ಕೆ ದೆವ್ವ ಹಿಡಿದಿದೆ ಅಂದಿದ್ರು.”

ಸಭಾಂಗಣದಿಂದ ನೋಡುವವರ ಎಡ, ಪರದೆ ಹಿಂದಿನಿಂದ ನೋಡುವವರ ಬಲ. ಇಬ್ಬರೂ ಒಂದೇ ಬಾಗಿಲು ಹೇಳುತ್ತಿದ್ದರು. ಯಾವ ಬೀದಿಯ ಕಡೆ ಎಂದು ಕೇಳಿದ್ದರೆ ಒಂದು ಗೂಟ ಉಳಿಯುತ್ತಿತ್ತು, ಅಷ್ಟು ಬುದ್ಧಿ ನನಗಿರಲಿಲ್ಲ.

“ಆ ದಿನವೂ ಅಲ್ಲೇ ಕೂತಿದ್ರಾ?”

“ಇನ್ನೆಲ್ಲಿ? ಒಬ್ಬಳೇ ಇದ್ದೆ. ಅಮ್ಮನಿಗೆ ಜ್ವರ, ಮನೇಲೇ ಮಲಗಿದ್ಳು. ಆ ಪಿಕ್ಚರ್ ಅಮ್ಮ ನೋಡಲೇ ಇಲ್ಲ. ಮುಗಿಯೋ ಹೊತ್ತಿಗೆ ನಾನು ಹಿಂದಿನ ಗಲ್ಲಿಯಿಂದ ಮನೆ ಕಡೆ ಹೊರಟುಬಿಟ್ಟಿದ್ದೆ. ಇಲ್ಲದಿದ್ರೆ ನಾನೂ...” ಅವಳು ಫಿಲಂ ತೆಗೆದು ಲಕೋಟೆಗೆ ಹಾಕಿದಳು.

ಬಾಗಿಲು ಸಿಕ್ಕಿತ್ತು. ಅದು ಮ್ಯಾನೇಜರ್ ರೂಮಿನ ಪಕ್ಕದಲ್ಲಿತ್ತು. ನಾನು ಬೇರೇನನ್ನೂ ಯೋಚಿಸಲಿಲ್ಲ.

ಮ್ಯಾನೇಜರ್ ಈಗಲೂ ಮ್ಯಾನೇಜರೇ. ಮೂರನೇ ಮಹಡಿಯ ಮನೆಯ ನಡುಮನೆಯಲ್ಲಿ ಟಾಕೀಸಿನ ಬಾಲ್ಕನಿ ಕುರ್ಚಿಯೊಂದನ್ನು ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ್ದರು. ಕೆಂಪು ಮಖಮಲ್ಲು, ತೋಳಿನ ಮೇಲೆ ಹಿತ್ತಾಳೆಯ ನಂಬರು. ಅದರಲ್ಲಿ ಕೂತೇ ಮಾತಾಡಿದರು. ನನಗೆ ಸ್ಟೂಲು.

“ಬನ್ನಿ ಪತ್ತೇದಾರರೇ. ಬೆಟ್ಟ ಅಗೆಯೋದು ಮುಗೀತಾ? ಇಲಿ ಸಿಕ್ತಾ?”

“ಇಲಿ ಓಡಾಡೋ ಬಾಗಿಲು ಸಿಕ್ಕಿತು ಸರ್. ನಿಮ್ಮ ರೂಮಿನ ಪಕ್ಕದ್ದು.”

“ಇತ್ತು. ಹಳೇ ಕುರ್ಚಿ, ಹರಿದ ಪರದೆ ಎಲ್ಲ ಅಲ್ಲಿಗೆ ತಳ್ಳೋರು. ಬೀಗ ಇರಲಿಲ್ಲ. ನಾನು ಆ ದಿನ ಆ ಕಡೆ ಸುಳಿದಿಲ್ಲ. ಬಾಲ್ಕನಿಯ ಕೊನೇ ಸಾಲು, ಇದೇ ಕುರ್ಚಿ. ಮೊದಲಿನಿಂದ ಕೊನೇವರೆಗೆ ಕೂತು ನೋಡಿದೀನಿ.”

“ಹೇಗಿತ್ತು ಪಿಕ್ಚರ್?”

“ಡಬ್ಬ. ಕೊನೇ ದೃಶ್ಯ ಒಂದು ಪರವಾಗಿಲ್ಲ. ಹೀರೋ ಬಲಗೈ ಹೀಗೆ ಕುತ್ತಿಗೆಗೆ ಕಟ್ಟಿಕೊಂಡು...” ಅವರು ತಮ್ಮ ಬಲಗೈ ಮಡಚಿ ಎದೆಗೆ ಒತ್ತಿದರು. “ಎಡಗೈಲಿ ಗುಂಡು ಹೊಡೀತಾನೆ. ಅಭ್ಯಾಸ ಇಲ್ಲದ ಕೈ ನೋಡಿ. ಅದೊಂದು ಚೆನ್ನಾಗಿ ಯೋಚನೆ ಮಾಡಿದ್ದ ಡೈರೆಕ್ಟರು.”

ನಾನು ನನ್ನ ಎರಡೂ ಕೈ ನೋಡಿಕೊಂಡೆ. ಎದುರಿಗೆ ಕೂತವರ ಬಲಗೈ ನನ್ನ ಎಡಗೈಯ ನೇರಕ್ಕಿತ್ತು. ತಲೆಯೊಳಗೆ ಯಾರೋ ಫಿಲಂ ಕಿತ್ತು ತಿರುಗಿಸಿ ಸಿಕ್ಕಿಸಿದಂತಾಯಿತು.

“ಇನ್ನೊಂದು ಸಲ ತೋರಿಸಿ ಸರ್.”

“ಏನು?”

“ಪಟ್ಟಿ ಕಟ್ಟಿದ ಕೈ.”

ಅವರು ಕೈ ಎತ್ತಲು ಹೋಗಿ ನಿಲ್ಲಿಸಿದರು.

“ಬಾಲ್ಕನಿಯಿಂದ ನೋಡಿದವರಿಗೆ ಅದು ಎಡಗೈ. ಅದು ಬಲಗೈಯಾಗಿ ಕಾಣೋದು ಪರದೆ ಹಿಂದೆ ಇದ್ದವರಿಗೆ ಮಾತ್ರ.”

“ಇಪ್ಪತ್ತೈದು ವರ್ಷ ಆಯ್ತು ಕಣ್ರೀ. ಎಡವೋ ಬಲವೋ.”

“ಮರೆತಿದ್ದರೆ ಮರೆತೆ ಅನ್ನಿ. ನೀವು ಅಭ್ಯಾಸ ಇಲ್ಲದ ಕೈ ಅಂತ ಡೈರೆಕ್ಟರನ್ನೂ ಹೊಗಳಿದಿರಿ.”

ಕೆಳಗೆ ಬೀದಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತ ಪೀ ಪೀ ಎನ್ನುತ್ತಿತ್ತು. ಮ್ಯಾನೇಜರ್ ಆ ಸದ್ದಿನ ಮೇಲೆ ದನಿ ಏರಿಸಿದರು.

“ನೌಕರರ ಹೆಂಡತಿ ಮಕ್ಕಳು ಕೂರೋ ಜಾಗ ಅದು. ನಾನು ಅಲ್ಲಿಗೆ ಯಾಕೆ ಹೋಗಲಿ?”

“ಅದನ್ನೇ ಕೇಳ್ತಿದೀನಿ.”

“ಆಪರೇಟರ್‌ನ ಹುಡುಕಿಕೊಂಡು ಹೋದೆ. ಸಾಕಾ? ರೀಲು ಕೆಡಿಸ್ತಿದ್ದ. ಜನ ಕುರ್ಚಿ ಮುರೀತಿದ್ರು. ನಾಲ್ಕು ಬೈಯೋಣ ಅಂತ ಹೋದೆ.”

“ಪಿಕ್ಚರ್ ಓಡ್ತಿರುವಾಗ ಆಪರೇಟರ್ ಇರೋದು ಮೇಲೆ, ಕ್ಯಾಬಿನ್‌ನಲ್ಲಿ. ನೀವು ಕೆಳಗೆ ಪರದೆ ಹಿಂದೆ ಹುಡುಕಿದಿರಿ.”

ಮ್ಯಾನೇಜರ್ ಹಿತ್ತಾಳೆಯ ನಂಬರನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದರು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

“ಅವರು ಮೇಲೆ ಇಲ್ಲ ಅಂತ ನಿಮಗೆ ಗೊತ್ತಿತ್ತು,” ಎಂದೆ.

“ನನಗೇನು ಗೊತ್ತಿತ್ತು ಅನ್ನೋದು ಹಾಗಿರಲಿ. ಕ್ಯಾಬಿನ್‌ನಲ್ಲಿ ಯಾರಿದ್ರು ಅಂತ ನಿಮ್ಮನ್ನ ಕಳಿಸಿದ ಹುಡುಗೀನ ಕೇಳಿ. ಹಿಂದಿನ ಕ್ಲಾಸಲ್ಲಿ ಇದ್ದೆ ಅಂದ್ಳಾ? ಸುಳ್ಳು. ಅವಳು ಅಲ್ಲಿರಲಿಲ್ಲ.”

“ಹಾಗಾದ್ರೆ ಅಲ್ಲಿ ಯಾರಿದ್ರು?”

ಅವರು ಎದ್ದರು. ಎದ್ದಾಗ ಕುರ್ಚಿ ತನ್ನಷ್ಟಕ್ಕೆ ಪಟ್ಟೆಂದು ಮಡಚಿಕೊಂಡಿತು.

“ಬಾಗಿಲು ಬಲಗಡೆ ಇದೆ. ನಿಮ್ಮ ಬಲ, ನನ್ನದಲ್ಲ.”

ಮೆಟ್ಟಿಲಿಳಿಯುವಾಗ ನಾನು ಎರಡು ಸಲ ಮುಗ್ಗರಿಸಿದೆ. ಒಬ್ಬ ಸುಳ್ಳುಗಾರನನ್ನು ಹಿಡಿದ ಸಂತೋಷ ನನ್ನಲ್ಲಿ ಅರ್ಧ ಮಹಡಿಯೂ ಉಳಿಯಲಿಲ್ಲ.

ಬಾಗಿಲ ವಿಷಯದಲ್ಲಿ ಆಪರೇಟರ್ ಮಗಳು ಬಲ ಅಂದಿದ್ದಳು, ಪರದೆ ಹಿಂದೆ ಬೆಳೆದವಳ ಹಾಗೆ. ಪಟ್ಟಿಯ ವಿಷಯದಲ್ಲಿ ಎಡ ಅಂದಿದ್ದಳು, ಗೇಟಿನವರ ಹಾಗೆ. ಸರಿಯಾದ ಉತ್ತರ ಎಂದು ನಾನು ತಲೆಯಾಡಿಸಿದ್ದೆ. ಹಿಂದಿನ ಕ್ಲಾಸಿನಲ್ಲಿ ಕೂತು ನೋಡಿದ್ದರೆ ಅವಳು ಬಲ ಎಂಬ ತಪ್ಪು ಉತ್ತರ ಹೇಳಬೇಕಿತ್ತು. ಆ ಪಿಕ್ಚರನ್ನು ಅವಳು ಮುಂದಿನಿಂದ ನೋಡಿದ್ದಳು. ಟಿಕೆಟ್ ಇಲ್ಲದ ನೌಕರರ ಮಗಳನ್ನು ಗೇಟಿನವರು ಕುರ್ಚಿಯಲ್ಲಿ ಕೂರಲು ಬಿಡುತ್ತಿರಲಿಲ್ಲ. ಉಳಿದದ್ದು ಒಂದೇ ಜಾಗ. ಮೇಲಿನ ಕ್ಯಾಬಿನ್‌ನಲ್ಲಿ, ಪ್ರೊಜೆಕ್ಟರಿನ ಪಕ್ಕದ ಕಿಂಡಿ.

ಬೆಳ್ಳಗಾದ ಪರದೆ, ಸೀಟಿ, ನಡುಗಿದ ಕೈ. ಕೈ ನಡುಗಿದ್ದು ನಿಜ. ಯಾರ ಕೈ ಎಂದು ಯಾರೂ ಕೇಳಿರಲಿಲ್ಲ.

ಆಪರೇಟರ್ ಮಗಳ ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಅಮ್ಮ ಕಿಟಕಿಯ ಪಕ್ಕ ಕೂತು ದರ್ಜಿ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ಮಡಿಲಲ್ಲಿ ಗುಂಡಿಗಳ ಡಬ್ಬ. ನನ್ನನ್ನು ನೋಡಿ ತಲೆಯಾಡಿಸಿ ಮತ್ತೆ ಸೂಜಿಗೆ ಬಗ್ಗಿದರು. ಮಗಳು ಆಗಷ್ಟೇ ಕೆಲಸದಿಂದ ಬಂದಿದ್ದಳು.

“ಸೋಮವಾರಕ್ಕೆ ಏನಾದ್ರೂ ಸಿಕ್ತಾ ಸರ್?”

“ಹೀರೋ ಯಾವ ಕೈಗೆ ಪಟ್ಟಿ ಕಟ್ಟಿದ್ದ ಅಂದಿರಿ?”

“ಎಡ...” ಅಷ್ಟೇ ಹೇಳಿ ನಿಂತಳು. ದಿನವಿಡೀ ಫಿಲಂ ತಿರುಗಿಸುವ ಕೈ. ನಾನು ವಿವರಿಸಬೇಕಾಗಲಿಲ್ಲ. ಅವಳು ನಿಧಾನವಾಗಿ ಮಂಚದ ಅಂಚಿಗೆ ಕೂತಳು.

“ಇಂಟರ್ವಲ್‌ನಲ್ಲಿ ಅಪ್ಪನಿಗೆ ಊಟ ಕೊಡೋಕೆ ಮೇಲೆ ಹೋದೆ,” ಎಂದಳು. “ಡಬ್ಬಿ ಮುಚ್ಚಳವೂ ತೆಗೀಲಿಲ್ಲ. ‘ನಾನು ಬರೋವರೆಗೆ ಪಿಕ್ಚರ್ ನಿಲ್ಲಬಾರದು ಮಗಾ’ ಅಂದು ಇಳಿದುಹೋದರು. ರೀಲು ಹಾಕೋದು ನನಗೆ ಗೊತ್ತಿತ್ತು. ಬದಲಾಯಿಸೋದು ಅಷ್ಟಾಗಿ ಗೊತ್ತಿರಲಿಲ್ಲ. ಕರಿಗಾಜು ಅವರ ಕೊರಳಲ್ಲೇ ಹೋಗಿತ್ತು. ಬರಿಗಣ್ಣಲ್ಲೇ ಉರಿ ನೋಡಿಕೊಂಡು ಓಡಿಸಿದೆ. ನಿಲ್ಲಿಸಲಿಲ್ಲ ಸರ್. ಅವರು ಬರಲಿಲ್ಲ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಏನನ್ನೋರು? ಆಟದ ಮಧ್ಯೆ ಕೆಲಸ ಬಿಟ್ಟು ಓಡಿಹೋದ ಅನ್ನೋರು. ಕೊನೇ ರೀಲಿನವರೆಗೂ ನಿಂತು ಕೆಲಸ ಮಾಡಿದ ಮನುಷ್ಯ ಅಂತ ಒಂದು ಮಾತಾದ್ರೂ ಉಳಿದಿತ್ತು ಅಪ್ಪನಿಗೆ. ಅದನ್ನೂ ನಾನೇ ಕಿತ್ಕೊಳ್ಳಬೇಕಿತ್ತಾ?”

“ಆ ಒಂದು ಮಾತೇ ಈಗ ಅವರನ್ನ ಅಪರಾಧಿ ಮಾಡ್ತಿರೋದು. ಕೊನೇವರೆಗೆ ಅವರು ಕ್ಯಾಬಿನ್‌ನಲ್ಲಿದ್ರು ಅನ್ನೋದರ ಮೇಲೆ ಇನ್ಸ್‌ಪೆಕ್ಟರ್ ಲೆಕ್ಕ ನಿಂತಿದೆ. ಇಂಟರ್ವಲ್‌ನಲ್ಲೇ ಇಳಿದು ಹೋದವರು ವಾಪಸ್ಸು ಬರಲಿಲ್ಲ ಅಂದರೆ, ಬೆಂಕಿ ಹತ್ತೋಕೆ ಎಷ್ಟೋ ಮೊದಲೇ ಅವರಿಗೆ ಏನೋ ಆಗಿತ್ತು. ಮತ್ತೆ ಮ್ಯಾನೇಜರ್ ಬಾಲ್ಕನಿಯಲ್ಲಿ ಇರಲೇ ಇಲ್ಲ.”

ಅವಳ ಮುಖ ಅರಳಿತು. ಫೋನ್ ಕೈಗೆತ್ತಿಕೊಂಡಳು.

“ಈಗಲೇ ಹೇಳ್ತೀನಿ. ಓಡಿಸಿದ್ದು ನಾನು ಅಂತ. ಅಮ್ಮಾ, ಕೇಳಿಸ್ತಾ? ಅಪ್ಪ ಬೆಂಕಿ ಇಟ್ಟಿಲ್ಲ. ಸೋಮವಾರ ಯಾರೂ ಹಾಗೆ ಬರೆಯೋಕಾಗಲ್ಲ!”

ನಂಬರ್ ಒತ್ತಿದಳು. ಗಂಟೆ ಹೋಗುವುದು ನನಗೂ ಕೇಳಿಸುತ್ತಿತ್ತು. ಹಗುರವಾದ ಮನಸ್ಸಿನಲ್ಲಿ ನಾನು ಅಮ್ಮನ ಕಡೆ ತಿರುಗಿ ನಕ್ಕೆ.

“ಎಲ್ಲ ಆ ಹೀರೋನ ಎಡಗೈಯ ಮಹಿಮೆ ಅಮ್ಮ.”

ಅಮ್ಮ ದಾರವನ್ನು ಹಲ್ಲಿನಿಂದ ಕಡಿದರು. ತಲೆ ಎತ್ತಲಿಲ್ಲ.

“ಎಡಗೈ ಅಲ್ಲಪ್ಪ,” ಎಂದರು. “ಬಲಗೈ. ಪಾಪ, ಬಲಗೈಗೇ ಏಟು ಬಿದ್ದಿತ್ತು ಅವನಿಗೆ.”

ಆ ಪಿಕ್ಚರ್ ನೋಡಲೇ ಇಲ್ಲ ಎಂದು ತಾನು ನಂಬಿದ್ದ ಅಮ್ಮನನ್ನೇ ನೋಡುತ್ತ ಮಗಳು ಫೋನನ್ನು ಕಿವಿಯಿಂದ ತೆಗೆದಳು.

“ಹಲೋ?” ಎನ್ನುತ್ತಿದ್ದರು ಆ ಕಡೆಯಿಂದ ಇನ್ಸ್‌ಪೆಕ್ಟರ್. “ಹಲೋ, ಯಾರದು? ಏನು ಹೇಳಬೇಕು, ಹೇಳಿ.”